ಬೇಕಲ ಬಿಟ್ರೆ ಇಲ್ಲಿ ಎಂತ ಉಂಟು?

ಪ್ರಶ್ನೆ: ಡಿಸೆಂಬರ್ ರಜೆಗೆ ಧಾರವಾಡದಿಂದ ನನ್ನ ಕಾಲೇಜಿನ ಇಬ್ಬರು ಗೆಳತಿಯರು ಮನೆಮಂದಿ ಸಮೇತ ಬರ್ತಾ ಇದ್ದಾರೆ, ಎರಡೇ ದಿವಸ. ಒಬ್ಳ ಅತ್ತೆಗೆ ಮೊಣಕಾಲು ನೋವು, ಇನ್ನೊಬ್ಳಿಗೆ ಆರು ವರ್ಷದ ಮಗ. ಫೋನಲ್ಲಿ "ಬೇಕಲ ಕೋಟಿ ಬಿಟ್ರ ನಿಮ್ಮಲ್ಲಿ ಮತ್ತೇನೈತಿ?" ಅಂತ ಕೇಳಿದ್ಳು. ಹುಟ್ಟಿ ಬೆಳೆದ ಊರು, ಆದ್ರೂ ನನಗೆ ಫಕ್ಕನೆ ಉತ್ತರ ಬರ್ಲಿಲ್ಲ.
– ಓದುಗರೊಬ್ಬರು, ವಿದ್ಯಾನಗರ, ಕಾಸರಗೋಡು

ಉತ್ತರ: ನಾಚಿಕೆ ಬೇಡ ಮಾರಾಯ್ರೆ, ನಾವೆಲ್ಲ ಹಾಗೆಯೇ, ನೆಂಟರು ಬಂದ್ರೆ ಮಾತ್ರ ನಾವು ಊರು ನೋಡುದು. ಮೊದಲು ನಾನು ಮಾಡಿದ ತಪ್ಪು ಹೇಳ್ತೇನೆ. ಕೆಲವು ವರ್ಷದ ಹಿಂದೆ ಮೈಸೂರಿನ ಗೆಳೆಯರು ಬಂದಾಗ ಊಟಕ್ಕೆ ಮೊದಲು ಮುಗಿಸಿ ಬಿಡುವಾ ಅಂತ ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಅವರನ್ನು ಬೇಕಲಕ್ಕೆ ಕರ್ಕೊಂಡು ಹೋದೆ, 40 ಎಕರೆ ಕೋಟೆ, ಹೆಸರಿಗೆ ನೆರಳಿಲ್ಲ, ಕೆಂಪುಕಲ್ಲೆಲ್ಲ ಕಾದ ಓಡಿನ ಹಾಗೆ, ಒಬ್ಬ ಮದ್ದಿನ ಮನೆಯ ಗೋಡೆಗೆ ಒರಗಿ ಕೂತವ "ನಿಮ್ಮ ಮನೆ ಫ್ಯಾನೇ ಚೆನ್ನಾಗಿತ್ತು" ಅಂದ. ಇವತ್ತಿಗೂ ಫೋನ್ ಮಾಡಿದ್ರೆ ಅವನು ಮೊದಲು ಕೇಳುದು ನಮ್ಮ ಫ್ಯಾನಿನ ಕ್ಷೇಮ.

ಹಾಗಾಗಿ ಬೇಕಲವನ್ನು ಸಂಜೆಗೆ ಇಡಿ, ಅದೂ ಮೊದಲ ದಿವಸದ್ದಲ್ಲ. ಮೊದಲ ದಿವಸ ಉತ್ತರ ದಿಕ್ಕಿಗೆ ಹೊರಡಿ. ಬೆಳಿಗ್ಗೆ ಬೇಗ ಮಧೂರು. ಪೇಟೆಯಿಂದ ಏಳೆಂಟು ಕಿಲೋಮೀಟರು, ಮಧುವಾಹಿನಿ ಹೊಳೆಯ ಕರೆಯಲ್ಲಿ ಆನೆಯ ಬೆನ್ನಿನ ಹಾಗೆ ದುಂಡಗಿನ ಮೂರಂತಸ್ತಿನ ಮಾಡು, ತಾಮ್ರದ ಹೊದಿಕೆ. ದೇವಸ್ಥಾನ ಮದನಂತೇಶ್ವರನದ್ದು, ಅಂದ್ರೆ ಶಿವನದ್ದು, ಆದ್ರೆ ಊರೆಲ್ಲ ಹೇಳುದು ಮಧೂರು ಗಣಪತಿ ಅಂತ. ಒಬ್ಬ ಮಾಣಿ ಗರ್ಭಗುಡಿಯ ಗೋಡೆಯಲ್ಲಿ ಆಟಕ್ಕೆ ಬರೆದ ಗಣಪತಿ ದಿನಾ ದಪ್ಪ ಆಗ್ತಾ ಬಂತು ಅಂತ ಕತೆ ಉಂಟಲ್ಲ, ಅದನ್ನು ಆ ಆರು ವರ್ಷದ ಪೋರನಿಗೆ ಒಳಗೆ ಹೋಗುವ ಮೊದಲೇ ಹೇಳಿ, ಮತ್ತೆ ಅವನು ತಾನಾಗಿ ಸುಮ್ಮನೆ ನಿಂತು ನೋಡ್ತಾನೆ. ಅಪ್ಪ ಪ್ರಸಾದ ತಗೊಳ್ಳಲೇಬೇಕು. ಗಣಪತಿಯನ್ನೇ ಅಪ್ಪದಲ್ಲಿ ಮುಚ್ಚುವ ಮೂಡಪ್ಪ ಸೇವೆ 1992ರ ನಂತರ ಆದದ್ದು 2025ರಲ್ಲಿ, ಆ ಜನ ನೀವೂ ನೋಡಿರ್ತೀರಿ. ಡಿಸೆಂಬರಲ್ಲಿ ಅಷ್ಟು ನೂಕುನುಗ್ಗಲು ಇರುದಿಲ್ಲ.

ಅಲ್ಲಿಂದ ಕುಂಬಳೆ ಕಡೆಗೆ ಹೋಗಿ ಅನಂತಪುರ. ಕೆರೆಯ ನಡುವೆ ಗರ್ಭಗುಡಿ, ದಾಟ್ಲಿಕ್ಕೆ ಸಣ್ಣ ಸಂಕ, ಕೇರಳದಲ್ಲಿ ಇಂಥ ಕೆರೆ ದೇವಸ್ಥಾನ ಇದೊಂದೇ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಅಂತ ನಂಬಿಕೆ. ಮೂಲ ವಿಗ್ರಹ ಕಲ್ಲಿನದ್ದಲ್ಲ, ಕಡುಶರ್ಕರ ಪಾಕ ಅಂತ ಹೇಳುವ ಮದ್ದಿನ ವಸ್ತುಗಳ ಮಿಶ್ರಣದ್ದಾಗಿತ್ತು. ಮಧ್ಯಾಹ್ನ ನಡೆ ಮುಚ್ತಾರೆ, ಅದಕ್ಕೇ ಮಧೂರಲ್ಲಿ ಹರಟೆ ಹೊಡೆದು ಲೇಟ್ ಮಾಡ್ಬೇಡಿ.

ಗೆಳತಿಯರ ಪೈಕಿ ಯಾರಾದ್ರೂ ವಕೀಲರಿದ್ರೆ ಎಡನೀರು ಮಠಕ್ಕೂ ಒಂದು ಸುತ್ತು ಹಾಕಿ. ಸಂವಿಧಾನದ ಮೂಲ ಸ್ವರೂಪ ಬದಲಿಸ್ಲಿಕ್ಕೆ ಪಾರ್ಲಿಮೆಂಟಿಗೂ ಆಗುದಿಲ್ಲ ಅಂತ 1973ರಲ್ಲಿ ಸುಪ್ರೀಂ ಕೋರ್ಟಿನ 13 ಜನ ನ್ಯಾಯಾಧೀಶರು ಕೂತು ತೀರ್ಪು ಕೊಟ್ರಲ್ಲ, 7 ಜನ ಒಂದು ಕಡೆ 6 ಜನ ಇನ್ನೊಂದು ಕಡೆ, ಆ ಕೇಸಿನ ಕೇಶವಾನಂದ ಭಾರತಿ ಅಂದ್ರೆ ನಮ್ಮ ಎಡನೀರಿನ ಸ್ವಾಮಿಗಳಾಗಿದ್ದವರೇ, 2020ರಲ್ಲಿ ತೀರಿಕೊಂಡ್ರು. ಲಾ ಓದಿದವರು ಇಡೀ ದೇಶದಲ್ಲಿ ಆ ಹೆಸರು ಬಾಯಿಪಾಠ ಮಾಡ್ತಾರೆ, ಮಠ ಎಲ್ಲಿ ಉಂಟು ಅಂತ ಕೇಳಿ ನೋಡಿ, ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲ. ಯಕ್ಷಗಾನ ಅಂದ್ರೆ ಜೀವ ಆಗಿತ್ತು ಆ ಸ್ವಾಮಿಗಳಿಗೆ.

ಎರಡನೇ ದಿವಸ ತೆಂಕು ದಿಕ್ಕು. ಹೈವೇ ಬೇಡ, ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ಆಗಿ ಹೋಗುವ ಕರಾವಳಿ ರೋಡೇ ಚಂದ. ದಾರಿಯಲ್ಲಿ ಚಂದ್ರಗಿರಿ ಕೋಟೆ, ಸಣ್ಣದು, ಏಳೆಂಟು ಎಕರೆ ಇದ್ದೀತು, ಆದ್ರೆ ಮೇಲಿಂದ ಕಂಡ್ರೆ ಹೊಳೆ ಸಮುದ್ರಕ್ಕೆ ಸೇರುವ ಜಾಗ, ಆಚೆ ಕರೆಯ ತಳಂಗರೆ, ತೆಂಗಿನ ತೋಟ ಎಲ್ಲ ಒಟ್ಟಿಗೆ. ಬೇಕಲಕ್ಕಿಂತ ನನಗೆ ಇದೇ ಇಷ್ಟ, ಇದನ್ನು ಬರೆದದ್ದಕ್ಕೆ ಬೇಕಲದವರು ಬೈದ್ರೂ ಅಡ್ಡಿಲ್ಲ. ಇಲ್ಲಿ ನಿಂತು ಇನ್ನೊಂದು ವಿಷಯ ಹೇಳ್ಬಹುದು: ಹಿಂದಿನವರು ತುಳುನಾಡು ಮುಗಿಯುದು ಈ ಹೊಳೆಗೆ ಅಂತ ಹೇಳ್ತಿದ್ರು. ಹೊಳೆಯ ಬಡಗು ಕಡೆ ಭೂತಕೋಲ, ತೆಂಕು ಕಡೆ ಹೋದ ಹಾಗೆ ತೆಯ್ಯಂ. ಡಿಸೆಂಬರ್ ಕಳಿಯಾಟದ, ಅಂದ್ರೆ ತೆಯ್ಯಂ ಉತ್ಸವದ ಸೀಸನ್, ಹತ್ತಿರದಲ್ಲಿ ಎಲ್ಲಾದ್ರೂ ಇದ್ರೆ ಬೇರೆ ಎಲ್ಲ ಕ್ಯಾನ್ಸಲ್ ಮಾಡಿ ಅಲ್ಲಿಗೇ ಕರ್ಕೊಂಡು ಹೋಗಿ. ಮುಖಕ್ಕೆ ಫ್ಲ್ಯಾಶ್ ಹೊಡೆದು ಫೋಟೋ ತೆಗಿಬೇಡಿ ಅಂತ ಮೊದಲೇ ಹೇಳಿಡಿ.

ಬೇಕಲಕ್ಕೆ ನಾಲ್ಕು ಗಂಟೆಗೆ ಮುಟ್ಟಿದ್ರೆ ಸರಿ. ಧಾರವಾಡದವರಿಗೆ ಇದು ಬೇರೆ ರಾಜ್ಯದ ಕೋಟೆ ಅಲ್ಲ ಅಂತ ಹೇಳಿ, ಇಕ್ಕೇರಿಯ ಶಿವಪ್ಪ ನಾಯಕ 1650ರ ಆಸುಪಾಸಿಗೆ ಕಟ್ಟಿಸಿದ್ದು, ಮತ್ತೆ ಹೈದರಾಲಿ, ಟಿಪ್ಪು, 1799ರಿಂದ ಕಂಪೆನಿ. ಒಳಗೆ ಅರಮನೆ ಗಿರಮನೆ ಎಂತದ್ದೂ ಇಲ್ಲ, ಇದು ಬರೀ ಕಾವಲಿನ ಕೋಟೆ. ಗೋಡೆಯಲ್ಲಿ ಕೋವಿ ಇಡುವ ತೂತುಗಳಿದ್ದಾವಲ್ಲ, ಮಾಣಿಗೆ ಅಷ್ಟು ಸಾಕು, ಅರ್ಧ ಗಂಟೆ ಗುಂಡು ಹೊಡೆದುಕೊಂಡು ಇರ್ತಾನೆ. ಅತ್ತೆಯನ್ನು ಇಡೀ ಕೋಟೆ ಸುತ್ತಿಸ್ಬೇಡಿ, ಬಾಗಿಲ ಹತ್ತಿರ ಮುಖ್ಯಪ್ರಾಣ ದೇವರ ಗುಡಿ ಉಂಟು, ಅಲ್ಲೇ ಕೂತ್ಕೊಳ್ಳಲಿ. ಸೂರ್ಯ ಮುಳುಗುದನ್ನು ಕೋಟೆಯಿಂದಲೇ ನೋಡ್ಬೇಕು ಅಂತ ಹಠ ಬೇಡ, ಸಂಜೆ ಗೇಟು ಹಾಕ್ಲಿಕ್ಕೆ ವಿಸಿಲ್ ಊದ್ತಾರೆ, ಸ್ವಲ್ಪ ಮೊದಲೇ ಹೊರಗೆ ಬಂದು ಬದಿಯ ಪಳ್ಳಿಕ್ಕೆರೆ ಬೀಚಲ್ಲಿ ಕೂತ್ರೆ ಕೋಟೆಯೂ ಕಾಣ್ತದೆ ಸೂರ್ಯನೂ ಕಾಣ್ತಾನೆ.

ಮರುದಿವಸ ಅವರು ಹೇಗೂ ಮಂಗಳೂರು ದಾರಿಯಲ್ಲೇ ವಾಪಸು ಹೋಗುದಲ್ವಾ, ಮಂಜೇಶ್ವರದಲ್ಲಿ ಇಳಿಸಿ ಗೋವಿಂದ ಪೈಗಳ ಮನೆ ತೋರ್ಸಿ. ಅವರ ಮೊದಲ ಕವನ ಸಂಕಲನದ ಹೆಸರೇ ಈಗ ಆ ಸ್ಮಾರಕಕ್ಕೂ, ಗಿಳಿವಿಂಡು. ಶಾಲೆಯಲ್ಲಿ ಅವರ ಪದ್ಯ ಓದಿದವರಿಗೆ ಕವಿಯ ಮನೆ ಈಗ ಕೇರಳದಲ್ಲಿ ಉಂಟು ಅನ್ನುದೇ ಆಶ್ಚರ್ಯ ಆಗ್ತದೆ. 1956ರ ನವೆಂಬರ್ 1ರ ಕತೆ ಶುರು ಮಾಡಿದ್ರೆ ಮಾತ್ರ ಅವರ ಬಸ್ಸು ತಪ್ಪುದು ಖಂಡಿತ.

ಪ್ರಶ್ನೆ: ಅನಂತಪುರದ ಮೊಸಳೆ ಈಗಲೂ ಉಂಟಾ? ಮಕ್ಕಳಿಗೆ ಆಸೆ ಹುಟ್ಟಿಸಿ ಕರ್ಕೊಂಡು ಹೋಗಿ ಕಾಣದಿದ್ರೆ ಬೊಬ್ಬೆ ಹಾಕ್ತಾರೆ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನೈವೇದ್ಯದ ಅನ್ನ ತಿಂತಿದ್ದ ಬಬಿಯಾ 2022ರ ಅಕ್ಟೋಬರಲ್ಲಿ ಹೋಯ್ತು, ಮನುಷ್ಯರಿಗೆ ಮಾಡಿದ ಹಾಗೆ ಮೆರವಣಿಗೆ ಮಾಡಿ ಕಳಿಸಿಕೊಟ್ರು. 2023ರ ನವೆಂಬರಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತು, ಒಂದು ಹೋದ್ರೆ ಇನ್ನೊಂದು ಬರ್ತದೆ ಅಂತ ಹಿರಿಯರು ಹೇಳ್ತಿದ್ದದ್ದು ನಿಜ ಆಯ್ತು ಅಂತ ಊರವರು. ಆದ್ರೆ ಅದಕ್ಕೆ ಮನಸ್ಸಾದ್ರೆ ಮಾತ್ರ ಮೇಲೆ ಬರುದು. ಮಕ್ಕಳಿಗೆ ದೇವಸ್ಥಾನಕ್ಕೆ ಹೋಗುದು ಅಂತ ಮಾತ್ರ ಹೇಳಿ, ಮೊಸಳೆ ಕಂಡ್ರೆ ಲಾಭ.

ಪ್ರಶ್ನೆ: ನಮ್ಮ ನೆಂಟರು ಬರುದು ಜೂನ್ ಕೊನೆಗೆ. ಎಂತ ಮಾಡುದು?
– ಓದುಗರೊಬ್ಬರು, ಉಪ್ಪಳ

ಉತ್ತರ: ಮನೆಯಲ್ಲಿ ಕೂತು ಹಲಸಿನ ಹಪ್ಪಳ ತಿನ್ನುದು. ತಮಾಷೆ ಅಲ್ಲ, ಆಗ ಸಮುದ್ರಕ್ಕೆ ಕಾಲು ಹಾಕ್ಲಿಕ್ಕೆ ಬಿಡ್ಲೇಬೇಡಿ, ಘಟ್ಟದ ಮೇಲಿನವರಿಗೆ ತೆರೆ ಎಳಿಯುದು ಗೊತ್ತಾಗುದಿಲ್ಲ. ಪೊಸಡಿ ಗುಂಪೆಗೆ ಹೋಗ್ಬಹುದು, ಸಾವಿರ ಅಡಿ ಎತ್ತರದ ಗುಡ್ಡ, ಮೋಡ ಇಲ್ಲದಿದ್ರೆ ಒಂದು ಕಡೆ ಸಮುದ್ರ ಇನ್ನೊಂದು ಕಡೆ ಘಟ್ಟ. ನಾನು ಹೋದ ದಿವಸ ಮಂಜಲ್ಲಿ ನನ್ನ ಕೊಡೆಯೇ ನನಗೆ ಕಾಣ್ತಿರ್ಲಿಲ್ಲ. ರಾಣಿಪುರಂ ಹಸಿರು ಅಂದ್ರೆ ಹಸಿರು, ಆದ್ರೆ ದೂರ, ಮತ್ತೆ ಜಿಗಣೆ, ಉಪ್ಪು ಕಟ್ಕೊಂಡು ಹೋಗಿ. ಮೀನಿನ ಆಸೆಯಲ್ಲಿ ಬರುವವರಿಗೂ ಹೇಳಿಡಿ, ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ಟ್ರಾಲಿಂಗ್ ಬ್ಯಾನ್, ದೊಡ್ಡ ಬೋಟು ಹೋಗುದಿಲ್ಲ, ರೇಟು ಕೇಳಿದ್ರೆ ತಲೆ ತಿರುಗ್ತದೆ.

ಪ್ರಶ್ನೆ: ಹೋಗುವಾಗ ಕೈಗೆ ಎಂತ ಕೊಟ್ಟು ಕಳಿಸುದು? ಚಿಪ್ಸು ಹಲ್ವ ಎಲ್ಲ ಎಲ್ಲಾ ಕಡೆ ಸಿಗ್ತದೆ.
– ಓದುಗರೊಬ್ಬರು, ನೀಲೇಶ್ವರ

ಉತ್ತರ: ಕಾಸರಗೋಡು ಸೀರೆ. ಕಾಟನ್, ಕೈಮಗ್ಗದ್ದು, ಭೌಗೋಳಿಕ ಗುರುತಿನ ಮಾನ್ಯತೆ ಉಂಟು, ನೇಕಾರರ ಸೊಸೈಟಿಯಿಂದಲೇ ತಗೊಳ್ಳಿ. ಬಜೆಟ್ ಕಮ್ಮಿ ಇದ್ರೆ ಕೂಡ್ಲಿನ ಸಿಪಿಸಿಆರ್‌ಐ, 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದ ಜಾಗ, ಒಂದು ಒಳ್ಳೆ ತಳಿಯ ತೆಂಗಿನ ಸಸಿ ಸಿಕ್ಕಿದ್ರೆ ಕೊಡಿ. ಬಸ್ಸಲ್ಲಿ ಒಯ್ಲಿಕ್ಕೆ ಸ್ವಲ್ಪ ಪೇಚಾಟ, ನಮ್ಮ ಮೈಸೂರಿನವ ಮಡಿಲಲ್ಲಿ ಇಟ್ಕೊಂಡೇ ಹೋದ.