ಸೇಂಟ್ ಡೆನಿಯಲ್ಲಿರುವ ಅರ್ಮೇನಿಯಾದ ರಾಜ ಯಾವ ವಂಶದವನು?

ಪ್ಯಾರಿಸ್ ಹತ್ತಿರದ ಸೇಂಟ್ ಡೆನಿ ಚರ್ಚಿನಲ್ಲಿ ಐದನೇ ಲೆವೊನ್‌ನ ಸಮಾಧಿ ಶಿಲ್ಪ ನೋಡಿದಿರಿ, ಅವನು ಅರ್ಮೇನಿಯಾದ ಹಳೆಯ ರಾಜಧಾನಿ ಆನಿ ನಗರ ಆಳಿದ ಬಗ್ರಾತುನಿ ವಂಶದವನೇ ಅಂತ ಕೇಳಿದ್ದೀರಿ. ಅಲ್ಲ. ಆನಿ 1045ರಲ್ಲೇ ಬೈಜಾಂಟಿಯಮ್ ಸಾಮ್ರಾಜ್ಯದ ಪಾಲಾಗಿತ್ತು.

ಲೆವೊನ್ ಆಳಿದ್ದು ಕಿಲಿಕಿಯಾವನ್ನು, ಅಂದರೆ ಈಗಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿದ್ದ ಇನ್ನೊಂದು ಅರ್ಮೇನಿಯನ್ ರಾಜ್ಯ. ಅಲ್ಲಿ ಮೊದಲು ರೂಬೇನ್ ವಂಶ ಇತ್ತು. ಹೇತುಮ್ ವಂಶ ಬಂದ ಕಥೆ ಓದಿದರೆ ಸಂಕಟವಾಗುತ್ತದೆ. 1219ರಲ್ಲಿ ರೂಬೇನ್ ವಂಶದ ಒಂದನೇ ಲೆವೊನ್ ತೀರಿಕೊಂಡಾಗ ಮಗಳು ಜಾಬೆಲ್ ಇನ್ನೂ ಪುಟ್ಟ ಹುಡುಗಿ. ಅವಳ ಮೊದಲ ಗಂಡ ಫಿಲಿಪ್‌ನನ್ನು ಸೆರೆಗೆ ಹಾಕಿದರು, ಅವನು ಅಲ್ಲೇ ಸತ್ತ. ರಾಜ್ಯ ನೋಡಿಕೊಳ್ಳುತ್ತಿದ್ದ ಕಾನ್‌ಸ್ಟಂಟೈನ್ 1226ರಲ್ಲಿ ಅವಳನ್ನು ತನ್ನ ಮಗ ಹೇತುಮ್‌ಗೇ ಬಲವಂತವಾಗಿ ಮದುವೆ ಮಾಡಿಸಿದ. ಆಮೇಲಿನ ನಾಣ್ಯಗಳಲ್ಲಿ ಇಬ್ಬರೂ ಜೊತೆಯಾಗಿ ನಿಂತಿದ್ದಾರೆ!

ನಿಮ್ಮ ಲೆವೊನ್ ಸೈಪ್ರಸ್‌ನ ಲೂಸಿನ್ಯಾನ್ ಮನೆತನದವನು. ತಂದೆಯ ತಾಯಿ ಮಾತ್ರ ಹೇತುಮ್ ವಂಶದವಳು. 1375ರಲ್ಲಿ ಈಜಿಪ್ಟ್ ಆಳುತ್ತಿದ್ದ ಮಾಮ್ಲೂಕರು ಅವನನ್ನು ಹಿಡಿದು ಕೈರೋಗೆ ಒಯ್ದರು. ಬಿಡುಗಡೆಯಾದ ಮೇಲೆ 1393ರಲ್ಲಿ ಪ್ಯಾರಿಸ್‌ನಲ್ಲಿ ಸತ್ತ. ಅವನನ್ನು ಹೂಳಿದ್ದು ಬೇರೆ ಮಠದಲ್ಲಿ. ಫ್ರೆಂಚ್ ಕ್ರಾಂತಿಯಲ್ಲಿ ಆ ಸಮಾಧಿ ಹಾಳಾಯಿತು, ಶಿಲ್ಪ ಮಾತ್ರ ಆಮೇಲೆ ಸೇಂಟ್ ಡೆನಿಗೆ ಬಂತು.

ಬಗ್ರಾತುನಿಗಳ ಬಗ್ಗೆಯೇ ಜಾಸ್ತಿ ಆಸಕ್ತಿ ಇದ್ದರೆ ಒಂದನೇ ಗಾಗಿಕ್‌ನಿಂದ ಶುರು ಮಾಡಿ. ಆನಿಯ ದೊಡ್ಡ ಚರ್ಚು ಮುಗಿದದ್ದು ಅವನ ಕಾಲದಲ್ಲೇ, 1001ರಲ್ಲಿ.