ಕುವೆಂಪು ವಿಶ್ವವಿದ್ಯಾಲಯದ ಕುಲಪತಿ ನಿವೃತ್ತರಾದ ಮರುದಿನ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ?

ಹೊಸಬರ ಆದೇಶ ಅಷ್ಟರೊಳಗೆ ಬಂದಿದ್ದರೆ ಅವರೇ. ಬರದಿದ್ದರೆ ಹಂಗಾಮಿ ಕುಲಪತಿ. ಸಾಮಾನ್ಯವಾಗಿ ಹಿರಿಯ ಡೀನ್ (ನಿಕಾಯದ ಮುಖ್ಯಸ್ಥರು) ಒಬ್ಬರಿಗೆ ಈ ಜವಾಬ್ದಾರಿ ಬೀಳುತ್ತದೆ. ಕುಲಸಚಿವರು (ರಿಜಿಸ್ಟ್ರಾರ್) ತಾನಾಗಿಯೇ ಕುಲಪತಿ ಆಗುತ್ತಾರೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ, ಹಾಗಿಲ್ಲ.

ಕಾಯಂ ನೇಮಕ ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ ಪ್ರಕಾರ. ಮೊದಲು ಶೋಧನಾ ಸಮಿತಿ ರಚನೆಯಾಗುತ್ತದೆ. ಅದರಲ್ಲಿ ರಾಜ್ಯಪಾಲರು, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ರಾಜ್ಯ ಸರ್ಕಾರ, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಎಲ್ಲರ ಕಡೆಯವರೂ ಇರುತ್ತಾರೆ. ಸಮಿತಿ 3 ಹೆಸರು ಕೊಡುತ್ತದೆ, ಅದೂ ಅಕ್ಷರಾನುಕ್ರಮದಲ್ಲಿ. ಅಂದರೆ ಮೊದಲಿರುವ ಹೆಸರೇ ಮೊದಲ ಆಯ್ಕೆ ಅಂತ ಅಲ್ಲ. ಅದರಲ್ಲಿ ಒಬ್ಬರನ್ನು ಕುಲಾಧಿಪತಿಯಾದ ರಾಜ್ಯಪಾಲರು ಸರ್ಕಾರದ ಸಹಮತಿ ಪಡೆದು ನೇಮಿಸುತ್ತಾರೆ. ಅವಧಿ 4 ವರ್ಷ.

ತಡವಾಗುವುದು ಹೆಚ್ಚಾಗಿ ಈ ಸಹಮತಿಯ ಹಂತದಲ್ಲೇ ಅಂತ ನನ್ನ ಅನಿಸಿಕೆ. ಬೆಂಗಳೂರಲ್ಲಿ ಫೈಲ್ ಓಡಾಡುತ್ತಿರುತ್ತದೆ, ಇಲ್ಲಿ ವಿಶ್ವವಿದ್ಯಾಲಯ ಇರುವ ಶಂಕರಘಟ್ಟದಲ್ಲಿ ಎಲ್ಲರೂ ‘ಯಾರಂತೆ? ಯಾವ ಕಡೆಯವರಂತೆ?’ ಅಂತ ಕೇಳಿಕೊಂಡು ಕೂತಿರುತ್ತಾರೆ. ಹಂಗಾಮಿಯವರು ದಿನನಿತ್ಯದ ಫೈಲಿಗೆ ಸಹಿ ಹಾಕುತ್ತಾರೆ. ಆದರೆ ದೊಡ್ಡ ತೀರ್ಮಾನಗಳಿಗೆ ಕೈ ಹಾಕಲು ಹಿಂದೆಮುಂದೆ ನೋಡುತ್ತಾರೆ, ಸಹಜ ಅಲ್ವಾ?

ನೀವು ವಿದ್ಯಾರ್ಥಿಯಾಗಿದ್ದರೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಪರೀಕ್ಷೆ, ಅಂಕಪಟ್ಟಿ ನೋಡಿಕೊಳ್ಳುವುದು ಪರೀಕ್ಷಾಂಗ ಕುಲಸಚಿವರ ಕಚೇರಿ. ಕುಲಪತಿ ಬದಲಾದರೆ ಅದು ಬಾಗಿಲು ಹಾಕುವುದಿಲ್ಲ.