ಸೀರೆ ಅಂಗಡಿಯ ಸೈಟ್‌ಗೆ ಶೇರ್ಡ್ ಹೋಸ್ಟಿಂಗ್ ಸಾಕೇ, ವಿಪಿಎಸ್ ಬೇಕೇ?

ಇಳಕಲ್ ಸೀರೆ ಅಂಗಡಿ, 150 ಸೀರೆಗಳು, ವೂಕಾಮರ್ಸ್‌ನಲ್ಲಿ (ವರ್ಡ್‌ಪ್ರೆಸ್ ಸೈಟನ್ನು ಅಂಗಡಿಯಾಗಿಸುವ ಪ್ಲಗಿನ್) ಮಾಡಿಸುತ್ತಿರುವ ಸೈಟ್. ಡೆವಲಪರ್ ವಿಪಿಎಸ್ (ಸರ್ವರಿನ ಒಂದು ಪಾಲು ನಿಮಗೇ ಮೀಸಲು) ತಗೊಳ್ಳಿ ಅನ್ನುತ್ತಿದ್ದಾರೆ, ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನು ಹಲವು ಸೈಟ್‌ಗಳು ಹಂಚಿಕೊಳ್ಳುವುದು) ಅದಕ್ಕಿಂತ ಬಹಳ ಅಗ್ಗ, ಯಾವುದು ಸರಿ ಎಂದು ಕೇಳಿದ್ದೀರಿ. ಸರ್ವರ್ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ವಿಪಿಎಸ್ ಬೇಡ. ಭಾರತದಲ್ಲೇ ಸರ್ವರ್ ಇರುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ತೀರಾ ಕೆಳಗಿನ ಪ್ಲ್ಯಾನ್ ಬಿಟ್ಟು ಅದರ ಮೇಲಿನದ್ದನ್ನು ತೆಗೆದುಕೊಳ್ಳಿ. ಆರ್ಡರ್ ವಾಟ್ಸಾಪ್‌ನಲ್ಲೇ ತಗೊಳ್ಳುವುದಾದರೆ ಇದೂ ಬೇಕಿಲ್ಲ. ಬರೀ ಫೋಟೊ, ಬೆಲೆ ತೋರಿಸುವ ಸ್ಟ್ಯಾಟಿಕ್ ಸೈಟನ್ನು (ಕಾರ್ಟ್, ಡೇಟಾಬೇಸ್ ಇಲ್ಲದ ಸಿದ್ಧ ಪುಟಗಳು) ಕ್ಲೌಡ್‌ಫ್ಲೇರ್ ಪೇಜಸ್ ಎಂಬ ಸೇವೆಯಲ್ಲಿ ಉಚಿತವಾಗಿಯೇ ಇಡಬಹುದು.

'ಅನ್‌ಲಿಮಿಟೆಡ್ ಸ್ಟೋರೇಜ್, ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್' ನೋಡಿ ಆರಿಸಬೇಡಿ, ನಿಮಗೆ ಅಷ್ಟು ಬೇಕಾಗುವುದೇ ಇಲ್ಲ. ಒಂದು ಸೀರೆಗೆ 4 ಫೋಟೊದಂತೆ 600 ಫೋಟೊ. ಒಂದೊಂದು 200 ಕೆಬಿ ಇದ್ದರೆ 120 ಎಂಬಿ. ವರ್ಡ್‌ಪ್ರೆಸ್ ಪ್ರತಿ ಫೋಟೊಗೂ ಬೇರೆ ಬೇರೆ ಅಳತೆಯ ಪ್ರತಿಗಳನ್ನು ಮಾಡಿಟ್ಟುಕೊಂಡರೂ 1 ಜಿಬಿ ದಾಟುವುದು ಕಷ್ಟ. ದಿನಕ್ಕೆ 300 ಜನ ಬಂದು ತಲಾ 4 ಪುಟ ನೋಡಿದರೆ, ಪುಟಕ್ಕೆ 1.5 ಎಂಬಿಯಂತೆ ತಿಂಗಳಿಗೆ 54 ಜಿಬಿ. ಆದರೆ ಮೊಬೈಲಿನಲ್ಲಿ ತೆಗೆದ 4 ಎಂಬಿ ಫೋಟೊವನ್ನು ಹಾಗೇ ಏರಿಸಿದರೆ ಈ ಲೆಕ್ಕವೆಲ್ಲ ತಲೆಕೆಳಗು. ಇಳಕಲ್ ಸೀರೆಯ ಟೋಪ್ ತೆನಿ ಸೆರಗಿನ ನೇಯ್ಗೆ ಜೂಮ್ ಮಾಡಿದರೂ ಕಾಣುವಂತೆ 1600 ಪಿಕ್ಸೆಲ್ ಅಗಲ ಇಟ್ಟು, ವೆಬ್‌ಪಿ (ಕಡಿಮೆ ಗಾತ್ರದ ಫೋಟೊ ಫಾರ್ಮ್ಯಾಟ್) ಮಾಡಿ, ಆಮೇಲೆ ಏರಿಸಿ.

ನಿಜವಾಗಿ ಕೇಳಬೇಕಾದದ್ದು ಪಿಎಚ್‌ಪಿ ವರ್ಕರ್‌ಗಳು ಎಷ್ಟು, ಅಂದರೆ ಸೈಟಿನ ಪುಟಗಳನ್ನು ಒಂದೇ ಹೊತ್ತಿಗೆ ಎಷ್ಟು ಜನರಿಗೆ ತಯಾರಿಸಿ ಕೊಡಬಲ್ಲದು ಎಂಬುದನ್ನು. ಕೆಲವರು ಇದನ್ನು ಎಂಟ್ರಿ ಪ್ರೋಸೆಸ್ ಲೆಕ್ಕದಲ್ಲಿ ಹೇಳುತ್ತಾರೆ. ಸೀರೆಯ ಪುಟಗಳು ಕ್ಯಾಶ್‌ನಿಂದ (ಮೊದಲೇ ತಯಾರಿಸಿಟ್ಟ ಪ್ರತಿಯಿಂದ) ಬರುತ್ತವೆ, ನೂರು ಜನ ಒಟ್ಟಿಗೆ ನೋಡಿದರೂ ಸರ್ವರ್‌ಗೆ ಭಾರವಿಲ್ಲ. ಕಾರ್ಟ್ ಮತ್ತು ಚೆಕ್‌ಔಟ್ ಹಾಗಲ್ಲ. ಅವನ್ನು ಕ್ಯಾಶ್ ಮಾಡುವಂತಿಲ್ಲ, ಮಾಡಿದರೆ ಒಬ್ಬರ ಕಾರ್ಟ್ ಇನ್ನೊಬ್ಬರಿಗೆ ಕಾಣಿಸುವ ಅಪಾಯವಿದೆ. ಹಾಗಾಗಿ ಪ್ರತಿ ಸಲವೂ ಪಿಎಚ್‌ಪಿ ಓಡಲೇಬೇಕು. ಒಂದು ಚೆಕ್‌ಔಟ್ ಪುಟಕ್ಕೆ 1 ಸೆಕೆಂಡ್ ಹಿಡಿಯುತ್ತದೆ, ವರ್ಕರ್‌ಗಳು 5 ಎಂದಿಟ್ಟುಕೊಳ್ಳಿ: ಸೆಕೆಂಡಿಗೆ ಐದೇ ಜನ, ಆರನೆಯವರು ಕಾಯಬೇಕು. ದೀಪಾವಳಿಗೆ ಗಿರಾಕಿಗಳಿಗೆಲ್ಲ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದ ಹತ್ತು ನಿಮಿಷದಲ್ಲಿ ಆಗುವುದು ಇದೇ. ಕಾಯುವವರ ಸಾಲು ಮಿತಿ ಮೀರಿದರೆ 503 ಅಥವಾ 508 ಎರರ್.

ಇದರಲ್ಲಿ ಕೆಟ್ಟದ್ದು ಇನ್ನೊಂದಿದೆ. ಹಣ ಕಟ್ಟುವುದು ಪೇಮೆಂಟ್ ಗೇಟ್‌ವೇಯಲ್ಲಿ; ಕಟ್ಟಿದ ಸುದ್ದಿ ವೆಬ್‌ಹುಕ್ (ಗೇಟ್‌ವೇ ತಾನಾಗಿಯೇ ಕಳಿಸುವ ಸಂದೇಶ) ಮೂಲಕ ನಿಮ್ಮ ಸೈಟ್‌ಗೆ ಬರಬೇಕು. ಆ ಹೊತ್ತಿಗೆ ಸೈಟ್ ಉಸಿರು ಕಟ್ಟಿಕೊಂಡಿದ್ದರೆ ಗಿರಾಕಿಯ ಖಾತೆಯಿಂದ ಹಣ ಹೋಗಿರುತ್ತದೆ, ಆರ್ಡರ್ ಮಾತ್ರ 'ಪೆಂಡಿಂಗ್ ಪೇಮೆಂಟ್' ಅಂತಲೇ ನಿಂತಿರುತ್ತದೆ. ವೆಬ್‌ಹುಕ್ ಸೆಟ್ ಮಾಡಿದ್ದಾರಾ ಎಂದು ಡೆವಲಪರ್‌ಗೆ ಕೇಳಿ. ಹಬ್ಬದ ದಿನಗಳಲ್ಲಿ ಗೇಟ್‌ವೇಯ ಪಟ್ಟಿಯನ್ನೂ ಆರ್ಡರ್ ಪಟ್ಟಿಯನ್ನೂ ಸಂಜೆಗೊಮ್ಮೆ ತಾಳೆ ನೋಡಿ. ಲಿಂಕನ್ನೂ ಎಲ್ಲರಿಗೂ ಒಮ್ಮೆಲೇ ಕಳಿಸಬೇಡಿ, ಗುಂಪು ಗುಂಪಾಗಿ ಕಳಿಸಿ.

ವರ್ಕರ್ ಜೊತೆಗೆ ಪಿಎಚ್‌ಪಿ ಮೆಮೊರಿ 256 ಎಂಬಿ ಸಿಗುತ್ತದಾ, ಐನೋಡ್ ಮಿತಿ (ಒಟ್ಟು ಎಷ್ಟು ಫೈಲ್ ಇಡಬಹುದು ಎಂಬುದು) ಎಷ್ಟು, ಎರಡನ್ನೂ ಮೇಲ್‌ನಲ್ಲಿ ಬರೆದು ಕೇಳಿ. ಕೊಳ್ಳುವ ಮುಂಚೆಯೇ ನೇರ ಉತ್ತರ ಕೊಡದವರು ಸೈಟ್ ಬಿದ್ದ ದಿನ ಕೊಡುವುದಿಲ್ಲ.

ವಿಪಿಎಸ್ ಕೆಟ್ಟದ್ದೇನಲ್ಲ. ಬರೀ ವಿಪಿಎಸ್ ಕೊಂಡರೆ ಸಿಗುವುದು ಖಾಲಿ ಲಿನಕ್ಸ್; ಫೈರ್‌ವಾಲ್, ಸೆಕ್ಯುರಿಟಿ ಅಪ್‌ಡೇಟ್, ಬ್ಯಾಕಪ್ ಎಲ್ಲ ನಿಮ್ಮ ತಲೆಮೇಲೆ. ದುಡ್ಡು ಉಳಿಸಲು 1 ಜಿಬಿ ರ‍್ಯಾಮ್‌ನದ್ದನ್ನು ತಗೊಂಡರೆ, ಮೆಮೊರಿ ತುಂಬಿದಾಗ ಲಿನಕ್ಸ್ ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದಿರುವ ಮೈಎಸ್‌ಕ್ಯುಎಲ್ (ಸೈಟಿನ ಡೇಟಾಬೇಸ್) ಅನ್ನೇ ನಿಲ್ಲಿಸಿಬಿಡುತ್ತದೆ. ಡೇಟಾಬೇಸ್ ಕನೆಕ್ಷನ್ ಎರರ್ ಬರುವುದು ಆಗಲೇ. ಕನಿಷ್ಠ 2 ಜಿಬಿ ಬೇಕು, ಸ್ವಾಪ್ (ರ‍್ಯಾಮ್ ತುಂಬಿದಾಗ ಬಳಸುವ ಡಿಸ್ಕ್ ಜಾಗ) ಬೇರೆ. ಡೆವಲಪರ್ ಪ್ರತಿ ತಿಂಗಳು ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟರೆ ತಗೊಳ್ಳಿ, ಇಲ್ಲವಾದರೆ ಈಗ ಶೇರ್ಡ್ ಇರಲಿ, ಮುಂದೆ ಅದು ಸಾಲದಾದಾಗ ಮ್ಯಾನೇಜ್ಡ್ ವಿಪಿಎಸ್‌ಗೆ (ಸರ್ವರನ್ನು ಕಂಪನಿಯೇ ನೋಡಿಕೊಳ್ಳುವುದು) ಹೋಗಿ.

ನಿಮ್ಮ ಗಿರಾಕಿಗಳು ಕರ್ನಾಟಕ, ಮಹಾರಾಷ್ಟ್ರದವರು ಎಂದಿದ್ದೀರಿ. ಹಾಗಾದರೆ ಮುಂಬೈ ಅಥವಾ ಬೆಂಗಳೂರಿನ ಡೇಟಾಸೆಂಟರ್ ಆರಿಸಿ. ಅಮೆರಿಕದ ಸರ್ವರ್‌ಗೆ ಹೋಗಿಬರಲು 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು, ಪುಟದ ಮೊದಲ ಅಕ್ಷರ ಬರುವ ಮೊದಲೇ ಇಂಥ ಎರಡು ಮೂರು ಸುತ್ತು ಆಗಿರುತ್ತದೆ.

ಜಾಹೀರಾತಿನ ಬೆಲೆ ಸಾಮಾನ್ಯವಾಗಿ ಮೂರು ನಾಲ್ಕು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಮಾತ್ರ. ರಿನ್ಯೂವಲ್ ದರ ನೋಡಿ, ಅದಕ್ಕೆ 18% ಜಿಎಸ್‌ಟಿ ಸೇರಿಸಿ, ಮೊದಲಿಗೆ ಒಂದೇ ವರ್ಷಕ್ಕೆ ಕಟ್ಟಿ. ಡೊಮೇನ್ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನಿನಲ್ಲೇ ಇರಲಿ, ಹೋಸ್ಟಿಂಗ್ ಕಂಪನಿಯ ಬದಲು ಬೇರೆ ಕಡೆ ಇದ್ದರೆ ಇನ್ನೂ ಒಳ್ಳೆಯದು. ಡೆವಲಪರ್ ಹೆಸರಿನಲ್ಲಂತೂ ಬೇಡವೇ ಬೇಡ. ಮೇಲ್ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್ ಮತ್ತು ಡಿಕಿಮ್ ದಾಖಲೆಗಳನ್ನು ಡಿಎನ್‌ಎಸ್‌ನಲ್ಲಿ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಪಟ್ಟಿ) ಹಾಕಿಸಿ, ಇಲ್ಲದಿದ್ದರೆ ಆರ್ಡರ್ ಮೇಲ್‌ಗಳು ಸ್ಪ್ಯಾಮ್‌ಗೆ ಹೋಗುತ್ತವೆ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಬ್ಯಾಕಪ್‌ನ ಒಂದು ಪ್ರತಿ ದಿನವೂ ಗೂಗಲ್ ಡ್ರೈವ್‌ಗೆ ಹೋಗಲಿ.

ಹೋಸ್ಟಿಂಗ್ ಬದಲಿಸುವ ದಿನ ಬಂದರೆ: ಹಿಂದಿನ ದಿನವೇ ಡಿಎನ್‌ಎಸ್ ಟಿಟಿಎಲ್ (ಹಳೆ ವಿಳಾಸವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ರಾತ್ರಿ ಹಳೆ ಸೈಟ್‌ನಲ್ಲಿ ಆರ್ಡರ್ ನಿಲ್ಲಿಸಿ, ಆಮೇಲಷ್ಟೇ ಡೇಟಾಬೇಸ್ ಕಾಪಿ ಮಾಡಿ, ಇಲ್ಲವಾದರೆ ನಡುವೆ ಬಂದ ಆರ್ಡರ್‌ಗಳು ಹಳೆಯದರಲ್ಲೇ ಉಳಿಯುತ್ತವೆ. ಡಿಎನ್‌ಎಸ್ ಬದಲಿಸಿದ ಮೇಲೆ ಒಂದು ಸಣ್ಣ ಮೊತ್ತದ ನಿಜವಾದ ಆರ್ಡರ್ ಹಾಕಿ, ಹಣ, ಮೇಲ್, ಸ್ಟಾಕ್ ಮೂರೂ ಸರಿಯಿದೆಯಾ ನೋಡಿ. ಹಳೆ ಖಾತೆಯನ್ನು ಒಂದು ತಿಂಗಳು ಮುಚ್ಚಬೇಡಿ.